ಬೆಕ್ಕು ಹೋಯ್ತು ಅಂದರು

“ಬೂದು ಬಣ್ಣದ್ದಾ? ಎಡಗಿವಿ ತುದಿ ಕತ್ತರಿಸಿರೋದು? ಅಯ್ಯೋ, ಅದು ಬೆಳಿಗ್ಗೆನೇ ಹೋಯ್ತಲ್ಲಮ್ಮಾ!” ಎಂದಳು ಪ್ರಾಣಿಗಳ ಆಶ್ರಯದಾಕೆ. ಅಷ್ಟರಲ್ಲಿ ನಾಯಿಗಳು ಬೊಗಳಿದವು, ಫೋನು ಕಟ್ಟಾಯಿತು.

ಫೋನು ಮಾಡಿದ್ದ ದರ್ಜಿ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಹೋಯ್ತು ಎಂದರೆ ಹೋಯ್ತು. ಮನೆಯಲ್ಲಿ ಯಾರಾದರೂ ಸತ್ತರೆ ನಾವು ಹೇಳುವುದೂ ಇದೇ ಮಾತು ತಾನೇ?

ಬೆಕ್ಕು ಅವಳದ್ದಲ್ಲ, ಅಕ್ಕನದು. ಹೆಸರು ಬೂದಿ. ಅಕ್ಕ ಆಸ್ಪತ್ರೆಯಲ್ಲಿದ್ದಳು, ನಾಳೆ ಅವಳ ಹೃದಯದ ಆಪರೇಷನ್. ಸೇರಿಸುವ ದಿನ ತಂಗಿಯ ಕೈ ಹಿಡಿದುಕೊಂಡು ಒಂದೇ ಮಾತು ಹೇಳಿದ್ದಳು: “ನಂಗೇನಾದ್ರೂ ಪರವಾಗಿಲ್ಲ, ಬೂದೀನ ನೋಡ್ಕೋ.” ಡಾಕ್ಟರು ಬೇರೆ, ಮನಸ್ಸಿಗೆ ಆಘಾತವಾಗುವಂಥದ್ದೇನೂ ಹೇಳಬೇಡಿ ಎಂದಿದ್ದರು. ಬೆಕ್ಕು ತಪ್ಪಿಸಿಕೊಂಡಾಗಿನಿಂದ ದರ್ಜಿ ಫೋನಿನಲ್ಲಿ “ಮಲಗಿದಾಳೆ ಅಕ್ಕಾ”, “ಈಗ ತಾನೇ ತಿಂದ್ಲು” ಎಂದು ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಲೇ ಇದ್ದಳು.

ತಪ್ಪು ಅವಳದೇ, ಅದೂ ದರ್ಜಿಯಲ್ಲದೆ ಇನ್ಯಾರೂ ಮಾಡಲಾರದ ತಪ್ಪು. ಬೂದಿಯ ಕೊರಳಪಟ್ಟಿ ಹಳತಾಗಿ ನೂಲು ಬಿಟ್ಟಿತ್ತು. ಅಕ್ಕ ಮನೆಗೆ ಬರುವಷ್ಟರಲ್ಲಿ ಹೊಸದು ಹೊಲಿಯೋಣವೆಂದು ಅಳತೆಗೆ ಬಿಚ್ಚಿಟ್ಟಿದ್ದಳು. ಮನೆಯ ಫೋನ್ ನಂಬರು ಇದ್ದದ್ದು ಆ ಪಟ್ಟಿಯ ಮೇಲೆಯೇ. ಅಷ್ಟು ಹೊತ್ತಿಗೆ ಗಿರಾಕಿಯೊಬ್ಬಳು ಬಾಗಿಲು ತೆರೆದಳು, ಬೂದಿ ಅವಳ ಕಾಲಸಂದಿಯಲ್ಲೇ ಹೊರಗೆ ನುಸುಳಿತು.

ಅವಳು ಜೀವ ಕೈಯಲ್ಲಿ ಹಿಡಿದುಕೊಂಡು ಆಶ್ರಯಕ್ಕೆ ಓಡಿದಳು. ಫಿನಾಯಿಲ್ ವಾಸನೆ, ಸಾಲು ಪಂಜರಗಳು, ಒಂದೊಂದರಲ್ಲೂ ಮಿಟುಕಿಸದ ಕಣ್ಣುಗಳು. ಆಶ್ರಯದಾಕೆ ಬಟ್ಟಲು ತೊಳೆಯುತ್ತಿದ್ದಳು.

“ದೇಹನಾದ್ರೂ ಕೊಡಿ,” ಎಂದಳು ದರ್ಜಿ.

“ಯಾರ ದೇಹ?”

“ಬೂದು ಬೆಕ್ಕಿಂದು. ನೀವೇ ಹೋಯ್ತು ಅಂದ್ರಲ್ಲ!”

“ಶಿವನೇ! ಗಾಡೀಲಿ ಹೋಯ್ತು ಅಂದೆ ಕಣಮ್ಮಾ!”

ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ನೆಟ್ಟಗೆ ಕೂರುವ ಮೊದಲೇ ಆಕೆ ಉಳಿದದ್ದನ್ನೂ ಹೇಳಿದಳು. “ಕಿವಿ ತುದಿ ಕತ್ತರಿಸಿದೆ ಅಂದ್ರೆ ಸಂತಾನಹರಣ ಆಗಿರೋ ಬೀದಿ ಬೆಕ್ಕು ಅಂತ ನಮ್ಮ ಗುರುತು. ಅಂಥದ್ದನ್ನ ಹಿಡಿದ ಜಾಗದಲ್ಲೇ ವಾಪಸ್ ಬಿಡ್ತೀವಿ. ಇದನ್ನ ಹಿಡಿದದ್ದು ದೊಡ್ಡ ರಸ್ತೆ ಆಚೆ, ಬೇಕರಿ ಹಿತ್ತಿಲಲ್ಲಿ.”

“ಅಕ್ಕ ಅದನ್ನ ತಂದಿದ್ದೇ ನಿಮ್ಮಲ್ಲಿಂದ!”

“ಕೊರಳಲ್ಲಿ ಪಟ್ಟಿ ಇದ್ದಿದ್ರೆ ಗೊತ್ತಾಗ್ತಿತ್ತು. ಪಂಜರದಲ್ಲಿ ಬುಸ್ ಬುಸ್ ಅಂತಿತ್ತು. ಹೆದರಿದ ಬೆಕ್ಕು ಮನೇದೋ ಬೀದೀದೋ ಹೇಳೋದು ಕಷ್ಟ. ಕಳೆದುಹೋದ ದಿನಾನೇ ಬಂದು ಕಣ್ಣಾರೆ ನೋಡ್ಬೇಕಿತ್ತು ನೀವು.” ಬೈದರೂ ಆಕೆ ಗೇಟಿನವರೆಗೆ ಜೊತೆಗೇ ಬಂದಳು. “ಕಂಡ್ರೆ ಅಟ್ಟಿಸ್ಕೊಂಡು ಹೋಗ್ಬೇಡಿ, ರಸ್ತೆಗೆ ನುಗ್ಗುತ್ತೆ. ಸುಮ್ನೆ ಕೂತ್ಕೊಳ್ಳಿ.”

ದೊಡ್ಡ ರಸ್ತೆಯಲ್ಲಿ ಲಾರಿಗಳು ಒಂದರ ಬಾಲಕ್ಕೆ ಒಂದು ಬರುತ್ತಿದ್ದವು. ಟಾರಿನ ಮೇಲೆ ಕಂಡ ಪ್ರತಿ ಕಲೆಯನ್ನೂ ಅವಳು ನಿಂತು ನೋಡುತ್ತಿದ್ದಳು. ಒಂದು ಬೂದು ಚಿಂದಿಬಟ್ಟೆಯನ್ನು ಕಂಡು ಅತ್ತೇಬಿಟ್ಟಳು.

ಬೇಕರಿಯ ಹಿಂದೆ ಮುರಿದ ಒಲೆಯೊಂದು ಬಿದ್ದಿತ್ತು. ಅದರ ಕೆಳಗೆ ಎರಡು ಕಣ್ಣುಗಳು ಕಂಡವು.

“ಬೂದಿ!”

ಬೂದಿ ಹಲ್ಲು ಕಿರಿದು ಇನ್ನೂ ಒಳಕ್ಕೆ ಸರಿಯಿತು. ಒಲೆಯ ಆ ಬದಿಗೆ ಗೋಡೆ ಒಡೆದಿತ್ತು, ಅದರಾಚೆ ರಸ್ತೆ. ದರ್ಜಿ ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತಳು. ಉಸಿರಾಡಲೂ ಭಯ. ಆ ಹೊತ್ತಿಗೇ ಫೋನು ಹೊಡೆದುಕೊಳ್ಳಬೇಕೇ! ಅಕ್ಕನದು.

“ಏನ್ಮಾಡ್ತಿದಾಳೆ ನನ್ನ ಮಗಳು?”

ಮಲಗಿದಾಳೆ ಎನ್ನಲು ಬಾಯಿ ತೆರೆದಳು. ಹೊರಬಂದದ್ದು ನಿಜ.

“ಅಕ್ಕಾ, ತಪ್ಪಿಸ್ಕೊಂಡ್ಬಿಟ್ಲು. ಮೊನ್ನೆನೇ. ಈಗ ಎದುರಿಗೇ ಇದಾಳೆ, ಹತ್ರ ಬರ್ತಿಲ್ಲ. ಹಿಂದ್ಗಡೆ ರಸ್ತೆ ಇದೆ. ನಂಗೆ ತುಂಬಾ ಹೆದ್ರಿಕೆ ಆಗ್ತಿದೆ ಅಕ್ಕಾ.”

ಹೇಳಿದ ಮೇಲೆ ಡಾಕ್ಟರ ಮಾತು ನೆನಪಾಯಿತು. ಅಕ್ಕನ ಎದೆ ನಿಂತೇಹೋಯಿತೇನೋ ಎಂದು ದರ್ಜಿಯ ಎದೆಯೇ ನಿಲ್ಲುವಂತಾಯಿತು.

“ಸ್ಪೀಕರ್ ಹಾಕಿ ಫೋನು ನೆಲದ ಮೇಲಿಡು,” ಎಂದಳು ಅಕ್ಕ.

ಇಟ್ಟಳು.

“ಬೂದಮ್ಮಾ, ಎಲ್ಲಿ ಹೋಗಿದ್ಯೇ ತಿರುಬೋಕಿ? ಹೊಟ್ಟೆ ಹಸಿದಿಲ್ವೇನೇ? ಬಾ, ಬಾ, ಯಾರೂ ಏನೂ ಮಾಡಲ್ಲ ಬಾ…” ಅಕ್ಕ ನಿಲ್ಲಿಸದೆ ಮಾತಾಡಿದಳು, ಅವಸರವೇ ಇಲ್ಲದವಳಂತೆ. ಒಲೆಯಡಿಯಿಂದ ಮೊದಲು ಮೂಗು ಬಂತು, ಆಮೇಲೆ ತುದಿಯಿಲ್ಲದ ಆ ಕಿವಿ. ಬೂದಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ತೆವಳುತ್ತಾ ಬಂದು ಫೋನಿಗೆ ಕೆನ್ನೆ ಉಜ್ಜಿತು. ದರ್ಜಿ ಮೆಲ್ಲಗೆ ಬಾಚಿ ಎತ್ತಿಕೊಂಡು ಸೆರಗಿನೊಳಗೆ ಸುತ್ತಿಕೊಂಡಳು.

“ಸಿಕ್ಕಿದ್ಲಾ?”

“ಸಿಕ್ಕಿದ್ಲು ಅಕ್ಕಾ. ಕೈಯಲ್ಲೇ ಇದಾಳೆ. ಬೈಯಿ ನನ್ನ, ಎಷ್ಟು ಬೇಕಾದ್ರೂ ಬೈಯಿ.”

ಅಕ್ಕ ಬೈಯಲಿಲ್ಲ. ಬಿಕ್ಕುವ ಸದ್ದು ಕೇಳಿತು. ಹುಟ್ಟಿದಾಗಿನಿಂದ ತಂಗಿ ಕೇಳಿರದ ಸದ್ದು ಅದು.

“ಲೇ, ನಾಳೆ ನೆನೆಸ್ಕೊಂಡ್ರೆ ನಂಗೂ ತುಂಬಾ ಹೆದ್ರಿಕೆ ಕಣೇ. ಇಡಬೇಡ ಫೋನು. ನಂಜೊತೆನೂ ಏನಾದ್ರೂ ಮಾತಾಡ್ತಿರು.”

ದರ್ಜಿ ಬೆಕ್ಕನ್ನು ಎದೆಗೊತ್ತಿಕೊಂಡು ಅದೇ ಮೆಟ್ಟಿಲ ಮೇಲೆ ಕೂತು, ಬಾಯಿಗೆ ಬಂದದ್ದನ್ನೆಲ್ಲ ಮಾತಾಡತೊಡಗಿದಳು.