ಪ್ರಭಾ ಅವರನ್ನು ಮಲಗಿಸಿದ ನಿಯಮ

ಪ್ರಹ್ಲಾದ್ ಅವರಿಗೆ ಬೈಪಾಸ್ ಆಗಿ ಅದು ಮೂರನೇ ದಿನ. ಪ್ಲೇನೋ ಊರಿನ ಆಸ್ಪತ್ರೆಯ ಐದನೇ ಮಹಡಿಯಲ್ಲಿ ಅವರು ಚೆನ್ನಾಗಿಯೇ ಚೇತರಿಸಿಕೊಳ್ಳುತ್ತಿದ್ದರು. ಸೊರಗುತ್ತಿದ್ದವರು ಅವರ ಹೆಂಡತಿ ಪ್ರಭಾ.

ಪಕ್ಕದೂರು ಅಲೆನ್‌ನಲ್ಲಿದ್ದ ತಮ್ಮ ಮನೆಯಿಂದ ಒಂದು ಡಬ್ಬಿ ಅವಲಕ್ಕಿ ತಂದು ಮಂಚದ ಪಕ್ಕದ ಕುರ್ಚಿಯಲ್ಲಿ ಕೂತವರು ಕಣ್ಣಿಗೆ ಕಣ್ಣು ಹಚ್ಚಿರಲಿಲ್ಲ. ಮಾನಿಟರಿನಲ್ಲಿ ಒಂದು ಅಂಕಿ ಏರಿದರೆ ಸಾಕು, ಎದ್ದು ನಿಂತು ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಅವರು ಹಾಗೆ ನೋಡಿದ ಕೂಡಲೇ ಪ್ರಹ್ಲಾದ್ ಅವರ ಬಿಪಿ ಇನ್ನೂ ಹತ್ತು ಏರುತ್ತಿತ್ತು.

"ಪ್ರಭಾ, ಮನೆಗೆ ಹೋಗಿ ಸ್ವಲ್ಪ ಮಲಕ್ಕೋ."

"ನೀವು ಸುಮ್ನಿರಿ. ನೂರಾ ನಲವತ್ತೆರಡು ತೋರಿಸ್ತಿದೆ."

"ನೀನು ನೋಡ್ತಿದೀಯಲ್ಲ, ಅದಕ್ಕೇ!"

ಹದಿನೆಂಟು ವರ್ಷ ಭಾನುವಾರದ ಕನ್ನಡ ಶಾಲೆ ನಡೆಸಿದವರು ಪ್ರಭಾ. ಒತ್ತಕ್ಷರ ತಪ್ಪಿದರೆ ಆಂಟಿಯ ಕಣ್ಣು ಹೇಗಾಗುತ್ತದೆ ಎಂದು ಮರ್ಫಿಯಿಂದ ಯೂಲೆಸ್‌ವರೆಗಿನ ಊರುಗಳ ಮಕ್ಕಳಿಗೆಲ್ಲ ಗೊತ್ತಿತ್ತು. ಹಗಲಿನ ನರ್ಸ್ ಯೊಲಾಂಡಾಗೂ ಮೊದಲ ದಿನವೇ ಪಾಠವಾಗಿತ್ತು: "ಪ್ರಾಬಾ ಅಲ್ಲಮ್ಮ, ಪ್ರಭಾ. ಹೊಟ್ಟೆಯಿಂದ ಉಸಿರು ಬರಬೇಕು." ಯೊಲಾಂಡಾ ದೊಡ್ಡ ದೇಹದ, ದೊಡ್ಡ ನಗುವಿನ ಹೆಂಗಸು. ಹೊಟ್ಟೆಯಿಂದಲೇ ಉಸಿರು ತಂದು "ಪ್ರಭ್ಹಾ" ಅಂದಾಗ ಕಾರಿಡಾರಿನಲ್ಲಿ ಯಾರೋ ತಿರುಗಿ ನೋಡಿದರು.

ಮಲಗಿ ಎಂದು ಯೊಲಾಂಡಾ ಎಷ್ಟು ಬಾರಿ ಹೇಳಿದರೂ ಪ್ರಭಾ ಕೇಳಲಿಲ್ಲ. ಕಾರಣ ಗಂಡನಿಗೆ ಮಾತ್ರ ಗೊತ್ತಿತ್ತು. ಬಹಳ ಹಿಂದೆ, ಮೈಸೂರಿನ ಆಸ್ಪತ್ರೆಯಲ್ಲಿ, ಪ್ರಭಾ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಅವರಪ್ಪ ಹೋಗಿಬಿಟ್ಟಿದ್ದರು.

ಮೂರನೇ ದಿನ ಮಧ್ಯಾಹ್ನ ಯೊಲಾಂಡಾ ಬಹಳ ಗಂಭೀರ ಮುಖ ಹೊತ್ತು ಒಳಗೆ ಬಂದಳು. ಕೈಯಲ್ಲಿ ಒಂದು ಫೈಲು, ಒಂದು ಕೈಪಟ್ಟಿ.

"ಮ್ಯಾಮ್, ಕ್ಷಮಿಸಿ. ಎಪ್ಪತ್ತೆರಡು ಗಂಟೆ ರೋಗಿಯ ಜೊತೆಗಿದ್ದವರನ್ನೂ ಅಬ್ಸರ್ವೇಶನ್‌ನಲ್ಲಿ ಇಡಬೇಕು. ಎರಡು ಗಂಟೆ ಮಲಗಿರಬೇಕು. ನಿಯಮ."

"ಯಾವ ನಿಯಮ?"

"ಹದಿನೇಳು-ಬಿ."

ಬರೀ ಹದಿನೇಳು ಅಂದಿದ್ದರೆ ಪ್ರಭಾ ಜಗಳಕ್ಕೆ ನಿಲ್ಲುತ್ತಿದ್ದರೋ ಏನೋ. ಆದರೆ 'ಬಿ' ಇರುವ ನಿಯಮ ಸುಳ್ಳಿರಲು ಹೇಗೆ ಸಾಧ್ಯ? ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಸ್ಟಾಪ್ ಸೈನ್ ಕಂಡರೆ ಕಾರು ನಿಲ್ಲಿಸಿ ಮೂರು ಎಣಿಸುವ ಹೆಂಗಸು ಅವರು.

"ಇವರನ್ನ ಯಾರು ನೋಡ್ಕೋತಾರೆ?"

"ನಾನು." ಈ ಒಂದು ಮಾತನ್ನು ಮಾತ್ರ ಯೊಲಾಂಡಾ ಅವರ ಕಣ್ಣನ್ನೇ ನೋಡಿ ಹೇಳಿದಳು. "ಕನ್ನಡಕ ತೆಗೀರಿ. ಅದೂ ನಿಯಮ."

ಕೈಗೆ ಪಟ್ಟಿ ಬಂತು. ಕುರ್ಚಿ ಹಿಂದಕ್ಕೆ ಬಾಗಿ ಹಾಸಿಗೆಯಾಯಿತು. ಬೆಚ್ಚಗೆ ಕಾಯಿಸಿದ ಹೊದಿಕೆ ಕುತ್ತಿಗೆವರೆಗೆ ಬಂತು. 'ಎರಡೇ ಗಂಟೆ' ಎಂದು ಹೇಳಹೊರಟ ಪ್ರಭಾಗೆ 'ಎರಡೇ' ಎನ್ನುವವರೆಗಷ್ಟೇ ಎಚ್ಚರವಿತ್ತು.

ಎಚ್ಚರವಾದಾಗ ಸಂಜೆ ಆರು. ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದ ಮಗಳು ಸುಚೇತಾ ಪಕ್ಕದಲ್ಲಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಏನೇ ಅದು? ಯಾಕೆ ನಗ್ತಿದೀಯ?"

"ಅಮ್ಮಾ, ನಿನ್ನ ಕೈಯಲ್ಲಿ... ಇದು ಹೆರಿಗೆ ವಾರ್ಡಿಂದು! ಬಾತುಕೋಳಿ ಚಿತ್ರ ಇದೆ. 'ಡ್ಯಾಡಿ' ಅಂತ ಬೇರೆ ಬರೆದಿದೆ!"

ಪ್ರಭಾ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು. ಗಂಡನ ಕಡೆ ನೋಡಿದರೆ, ಅವರು ಗಾಢ ನಿದ್ರೆಯಲ್ಲಿದ್ದಂತೆ ಕಣ್ಣು ಮುಚ್ಚಿದ್ದರು. ರೆಪ್ಪೆ ಮಾತ್ರ ಅದುರುತ್ತಿತ್ತು.

ಸೆರಗು ಬಿಗಿದು ನೇರ ನರ್ಸ್‌ಗಳ ಮೇಜಿಗೆ ನಡೆದರು.

"ಹದಿನೇಳು-ಬಿ ತೋರಿಸು."

ಯೊಲಾಂಡಾ ಅತ್ತಿತ್ತ ನೋಡಿದಳು. ಸಹಾಯಕ್ಕೆ ಯಾರೂ ಬರಲಿಲ್ಲ. "ಅದು... ಕೆಳಗಿದೆ ಮ್ಯಾಮ್. ನನ್ನ ಕಾರು ನಿಲ್ಲಿಸುವ ಜಾಗದ ನಂಬರು."

ಪ್ರಭಾ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟರು.

"ನಿಮ್ಮ ಅಪ್ಪನ ವಿಷಯ ನಿಮ್ಮವರು ಹೇಳಿದ್ರು," ಎಂದಳು ಯೊಲಾಂಡಾ, ಈಗ ಮೆಲ್ಲಗೆ. "ಮಲಗಿ ಅಂದ್ರೆ ನೀವು ಮಲಗೋಲ್ಲ ಅಂತ ಗೊತ್ತಾಯ್ತು. ಆದ್ರೆ ನೋಡ್ಕೋತೀನಿ ಅಂದದ್ದು ಸುಳ್ಳಲ್ಲ. ಹತ್ತು ನಿಮಿಷಕ್ಕೊಮ್ಮೆ ಬಂದು ನೋಡಿದೀನಿ."

"ಹೌದು ಕಣೇ!" ಒಳಗಿನಿಂದ ಪ್ರಹ್ಲಾದ್ ಅವರ ದನಿ ಬಂತು. ನಿದ್ರೆ ಅಷ್ಟರಲ್ಲಿ ಬಿಟ್ಟುಹೋಗಿತ್ತು. "ನನ್ನ ಒಂದು ಕ್ಷಣ ಮಲಗೋಕೆ ಬಿಟ್ಟಿಲ್ಲ! ಬಿಪಿ ಮಾತ್ರ ನೂರಾ ಹದಿನೆಂಟು!"

ಪ್ರಭಾಗೆ ಬೈಯಬೇಕೆನಿಸಿತು. ಆದರೆ ನಾಲ್ಕು ಗಂಟೆ ಕಣ್ಣು ಮುಚ್ಚಿದ್ದರೂ ಯಾರಿಗೂ ಏನೂ ಆಗಿರಲಿಲ್ಲ. ಅವರು ಮೂಗು ಒರೆಸಿಕೊಂಡು, ಭಾನುವಾರದ ಶಾಲೆಯ ದನಿಯಲ್ಲಿ ಕೇಳಿದರು:

"ನಾಳೆ ಎಷ್ಟು ಗಂಟೆಗೆ ಮಲಗಬೇಕು?"

"ಒಂದೂವರೆಗೆ, ಮ್ಯಾಮ್."

"ಸರಿ. ನಾಳೆ ಬಾತುಕೋಳಿದು ಬೇಡ."

ಒಳಗೆ ಪ್ರಹ್ಲಾದ್ ಎದೆಗೆ ದಿಂಬು ಒತ್ತಿ ಹಿಡಿದು ನಗುತ್ತಿದ್ದರು. "ಅಯ್ಯೋ, ನಗಿಸಬೇಡ್ರೇ... ಹೊಲಿಗೆ, ಹೊಲಿಗೆ!"

"ನಗಿ, ನಗಿ," ಎನ್ನುತ್ತ ಪ್ರಭಾ ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆದರು. ಮೂರು ದಿನದಲ್ಲಿ ಮೊದಲ ಬಾರಿಗೆ ಅವರಿಗೆ ಹಸಿವಾಗಿತ್ತು.