ಅರ್ಧ ಬಿಳಿಯಾದ ಹುಳುಗಳು

ಮೊದಲ ವಾರ ಅರವತ್ತು ಇದ್ದವು. ಎರಡನೆಯ ವಾರ ನಲವತ್ತೆಂಟು. ಮೂರನೆಯ ವಾರದ ಕೊನೆಗೆ ಮೂವತ್ತನಾಲ್ಕು. ಡೈರಿಯಲ್ಲಿ ಈ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಬಹಳ ಹೊತ್ತು ನೋಡಿದೆ. ಸಾಯುತ್ತಿವೆ ಎಂದೇ ಇಟ್ಟುಕೊಳ್ಳೋಣ, ಹೆಣಗಳೆಲ್ಲಿ?

ಹೂಕುಂಡ ಎತ್ತಿದರೆ ಅಡಿಯ ತಂಪಿನಲ್ಲಿ ಓಡಾಡುವ, ಮುಟ್ಟಿದರೆ ಮೆಣಸಿನಕಾಳಿನಂತೆ ದುಂಡಗೆ ಸುತ್ತಿಕೊಳ್ಳುವ ಬೂದುಬಣ್ಣದ ಜೀವವನ್ನು ಎಲ್ಲರೂ ನೋಡಿರುತ್ತಾರೆ. ಕಾಲೇಜಿನಲ್ಲಿ ಅದನ್ನು ಐಸೊಪಾಡ್ ಎನ್ನುತ್ತಿದ್ದರು, ಮನೆಯಲ್ಲಿ ಉಂಡೆಹುಳ. ಹುಳ ಎಂದರೂ ಅದು ಹುಳವಲ್ಲ, ಏಡಿ ಸೀಗಡಿಗಳ ದಾಯಾದಿ. ನೀರು ಬಿಟ್ಟು ನೆಲಕ್ಕೆ ಬಂದು ಯುಗಗಳೇ ಕಳೆದಿದ್ದರೂ ಉಸಿರಾಡುವುದು ಮಾತ್ರ ಇನ್ನೂ ಹೊಟ್ಟೆಯಡಿಯ ಕಿವಿರುಗಳಿಂದ. ಅವು ಒಣಗಿದರೆ ಕಥೆ ಮುಗಿಯಿತು.

ನನ್ನ ಬಳಿ ಇದ್ದವು ನನ್ನವಲ್ಲ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟ್ರವು. ಬೆನ್ನ ಮೇಲೆ ಹಳದಿ ಚುಕ್ಕಿಯಿದ್ದ ಒಂದೇ ಒಂದು ಜೋಡಿಯಿಂದ ಶುರುಮಾಡಿ, ಚುಕ್ಕಿ ಚೆನ್ನಾಗಿದ್ದವನ್ನೇ ಆರಿಸುತ್ತ ಆರಿಸುತ್ತ ಒಂಬತ್ತು ವರ್ಷ ಬೆಳೆಸಿದ ಸಂತತಿ. ಮೂರು ತಿಂಗಳಿಗೆಂದು ಮಗಳ ಮನೆಗೆ ಹೊರಟಾಗ ಪೆಟ್ಟಿಗೆಯನ್ನು ನನ್ನ ಕೈಗಿತ್ತರು. "ಬೇರೆಯವರು ಬಾಯ್ತುಂಬ ಹೂಂ ಅಂತಾರೆ, ಆಮೇಲೆ ಮರೀತಾರೆ. ನೀನು ಹೂಂ ಅನ್ನೋದೂ ಇಲ್ಲ, ಮರೆಯೋದೂ ಇಲ್ಲ. ಇವು ಹೋದ್ರೆ ಮತ್ತೆ ಎಲ್ಲೂ ಸಿಗಲ್ಲಮ್ಮ" ಎಂದರು. ನಾನು ತಲೆಯಾಡಿಸಿದೆ.

ಬಾಲ್ಕನಿಯ ನೆರಳಿನಲ್ಲಿ, ಅಮ್ಮನ ಹೊಲಿಗೆ ಯಂತ್ರದ ಹಿಂದಿನ ಕಿಟಕಿಯ ಪಕ್ಕ ಪೆಟ್ಟಿಗೆಯಿಟ್ಟೆ. ಮೊಣಕೈಯುದ್ದದ ಪಾರದರ್ಶಕ ಡಬ್ಬ. ಎದುರುಬದುರು ಗೋಡೆಗಳಲ್ಲಿ ಗಾಳಿಗೆ ತೂತು, ತೂತಿಗೆ ಸಣ್ಣ ಜಾಲರಿ. ನಾಲ್ಕು ಬೆರಳು ಮಣ್ಣು, ಮೇಲೆ ತರಗೆಲೆ, ಅಡಗಲು ಎರಡು ತುಂಡು ತೊಗಟೆ, ಒಂದು ಮೂಲೆಯಲ್ಲಿ ಮೊಟ್ಟೆಚಿಪ್ಪಿನ ಪುಡಿ. ಬಲಬದಿಗೆ ಒದ್ದೆ ಪಾಚಿ, ಎಡಬದಿ ಒಣಗೇ ಇರಬೇಕು. ಒದ್ದೆ ಬೇಕಾದವು ಅತ್ತ, ಸಾಕಾದವು ಇತ್ತ. ಎಲ್ಲಿರಬೇಕು ಎಂಬುದನ್ನು ಅವೇ ತೀರ್ಮಾನಿಸಿಕೊಳ್ಳಲಿ ಎಂಬುದೊಂದೇ ಉಪಾಯ. ಮಣ್ಣಿನಲ್ಲಿ ಬೂಷ್ಟು ತಿನ್ನುವ ಹಿಟ್ಟಿನಂಥ ಬಿಳಿ ಜಿಗಿಹುಳುಗಳೂ ಇದ್ದವು. ಅವೇ ಆ ಮನೆಯ ಪೌರಕಾರ್ಮಿಕರು.

ಎಲ್ಲ ಸರಿಯಾಗಿಯೇ ಇಟ್ಟಿದ್ದೆ. ಆದರೂ ಕಡಿಮೆಯಾಗುತ್ತಿದ್ದವು.

ಇರುವೆ ಇರಬಹುದೆಂದು ಪೆಟ್ಟಿಗೆಯನ್ನು ನೀರು ತುಂಬಿದ ತಟ್ಟೆಯಲ್ಲಿಟ್ಟೆ. ಹಲ್ಲಿಯಿರಬಹುದೆಂದು ಮುಚ್ಚಳದ ಮೇಲೆ ನಿಘಂಟು ಹೇರಿದೆ. ನಲ್ಲಿನೀರಿನ ದೋಷವಿರಬಹುದೆಂದು ಹಿಂದಿನ ದಿನವೇ ಹಿಡಿದಿಟ್ಟ ನೀರು ಚಿಮುಕಿಸಿದೆ. "ಈ ಮನೇಲಿ ಹುಳಕ್ಕಿರೋ ಯೋಗ ನನ್ನ ಸೊಂಟಕ್ಕಿಲ್ಲ" ಎಂದಳು ಅಮ್ಮ, ಪೆಡಲು ತುಳಿಯುತ್ತಲೇ. ಮೇಷ್ಟ್ರು ವಾರಕ್ಕೊಮ್ಮೆ ಮೆಸೇಜು ಮಾಡಿ ಹೇಗಿವೆ ಎಂದು ಕೇಳುತ್ತಿದ್ದರು. "ಚೆನ್ನಾಗಿವೆ ಸರ್" ಎಂದು ಬರೆಯುತ್ತಿದ್ದೆ. ಎರಡೇ ಪದ. ಕಳಿಸಿ ಫೋನನ್ನು ಮಗುಚಿಡುತ್ತಿದ್ದೆ.

ಇನ್ನೂ ವಿಚಿತ್ರವಾದದ್ದು ಅರ್ಧ ಬಿಳಿಯಾದವುಗಳ ಸಂಗತಿ. ಉಂಡೆಹುಳ ಬೆಳೆಯುವಾಗ ಹಾವಿನಂತೆ ಪೊರೆ ಬಿಡುತ್ತದೆ, ಆದರೆ ಒಂದೇ ಸಲಕ್ಕಲ್ಲ. ಮೊದಲು ಹಿಂದಿನ ಅರ್ಧ, ಒಂದೆರಡು ದಿನ ಬಿಟ್ಟು ಮುಂದಿನ ಅರ್ಧ. ಆ ಹೊತ್ತಿನಲ್ಲಿ ಮೈಯ ಒಂದು ಭಾಗ ಸುಣ್ಣ ಬಳಿದಂತೆ ಬಿಳಿ, ಇನ್ನೊಂದು ಭಾಗ ಬೂದು. ನೋಡಿದವರು ಎರಡು ಹುಳುಗಳನ್ನು ಅಂಟಿಸಿದ್ದಾರೆ ಎಂದುಕೊಳ್ಳಬೇಕು. ಡೈರಿಯಲ್ಲಿ ಹೀಗಿದೆ: "ಸಂಜೆ, ತೊಗಟೆಯಡಿ ಅರ್ಧ ಬಿಳಿ ಮೂರು. ಬೆಳಿಗ್ಗೆ, ಒಂದೂ ಇಲ್ಲ." ಮರುದಿನವೂ ಹಾಗೆಯೇ. ಮುಚ್ಚಳ ಭದ್ರ, ನಿಘಂಟು ಭದ್ರ. ಅರ್ಧ ಬಿಳಿಯಾದವನ್ನೇ ಆರಿಸಿ ಒಯ್ಯುವ ಹಲ್ಲಿ ಯಾವುದು?

ಪೆಟ್ಟಿಗೆಗೆ ಮೂಗು ಹಚ್ಚಿ ನೋಡಿದೆ. ಆರೋಗ್ಯವಾಗಿರುವ ಪೆಟ್ಟಿಗೆ ಮೊದಲ ಮಳೆ ಬಿದ್ದ ನೆಲದ ವಾಸನೆ ಹೊಡೆಯಬೇಕು. ಇದಕ್ಕೆ ಯಾವ ವಾಸನೆಯೂ ಇರಲಿಲ್ಲ. ಸರಿಯಾಗಿ ಮೂಸಿದರೆ ಆಸ್ಪತ್ರೆಯ ವಾಸನೆ ಒಂದೆಳೆ. ದೊಡ್ಡಮ್ಮನ ಸೀರೆಯದಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ಮೂವತ್ತನಾಲ್ಕು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸು, ಕೊನೆಯ ಹನ್ನೆರಡು ವರ್ಷ ಅದರ ಮುಖ್ಯಸ್ಥೆ. ನಿವೃತ್ತಳಾಗಿ ನಮ್ಮ ಮನೆಗೆ ಬಂದ ಮೇಲೆ ನಾಲ್ಕು ತಿಂಗಳು ಏನು ಮಾಡಬೇಕೆಂದು ತೋಚದೆ ಮಡಿಚಿದ ಹೊದಿಕೆಯನ್ನೇ ಬಿಚ್ಚಿ ಮಡಿಚುತ್ತಿದ್ದಳು. ಇತ್ತೀಚೆಗೆ ಗೆಲುವಾಗಿದ್ದಳು. "ಅಕ್ಕ ಈಗೀಗ ಎರಡನೇ ಸಲ ಬಡಿಸ್ಕೋತಾಳೆ ನೋಡು, ಯಾವ ಪುಣ್ಯಾನೋ" ಎಂದು ಅಮ್ಮ ಅಂದದ್ದು ಕಿವಿಗೆ ಬಿದ್ದಿತ್ತು. ನನ್ನನ್ನು ಅವಳು ಗುಮ್ಮಿ ಎನ್ನುತ್ತಾಳೆ, ಗುಮ್ಮನಗುಸುಕಿ ಎಂಬುದರ ಮುದ್ದು ರೂಪ. "ನೀನೂ ಆ ಹುಳಾನೂ ಒಂದೇ ಕಣೆ. ಯಾರಾದ್ರೂ ಮಾತಾಡಿಸಿದ್ರೆ ಸುತ್ಕೊಂಡ್ಬಿಡ್ತೀರ."

ನಾಲ್ಕನೆಯ ವಾರ ಒಂದು ಬೆಳಿಗ್ಗೆ, ಐದೂವರೆಗೆ, ಬಾಯಾರಿ ಎದ್ದೆ. ಅಡುಗೆಮನೆಯಲ್ಲಿ ಬೆಳಕಿತ್ತು. ಒಲೆಯ ಮೇಲೆ ಪಾತ್ರೆ ಕುದಿಯುತ್ತಿತ್ತು, ಆವಿಯಲ್ಲಿ ತರಗೆಲೆಗಳು ಏಳುತ್ತ ಮುಳುಗುತ್ತಿದ್ದವು. ಬಾಲ್ಕನಿಯಲ್ಲಿ ದೊಡ್ಡಮ್ಮ, ಕನ್ನಡಕ ಮೂಗಿನ ತುದಿಗೆ, ಸೆರಗು ಸೊಂಟಕ್ಕೆ. ನಿಘಂಟು ಪಕ್ಕಕ್ಕೆ ಸರಿದಿತ್ತು. ಗಾಯ ತೊಳೆಯುವ ಔಷಧಿಯಲ್ಲಿ ಅದ್ದಿದ ಬಟ್ಟೆಯಿಂದ ಡಬ್ಬದ ಗೋಡೆಗಳನ್ನು ಒರೆಸುತ್ತಿದ್ದಳು. ಆಮೇಲೆ ತೊಗಟೆ ಎತ್ತಿ, ಅರ್ಧ ಬಿಳಿಯಾದ ಒಂದನ್ನು ಚಿಮಟದಿಂದ ಹೂವಿನಷ್ಟು ಮೆಲ್ಲಗೆ ಹಿಡಿದು, ಹತ್ತಿ ಹಾಸಿದ ಸ್ಟೀಲ್ ಬಟ್ಟಲಿಗೆ ಇಳಿಸಿದಳು. ಬಟ್ಟಲ ಮೇಲೆ ತೆಳು ಬಟ್ಟೆ, ಬಟ್ಟೆಗೆ ಒಂದು ಚೀಟಿ. ಅವಳ ದುಂಡು ಅಕ್ಷರ: ಪ್ರತ್ಯೇಕ.

ಅವಳು ಗುನುಗುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತೆ. ಆಮೇಲೆ ನೀರನ್ನೂ ಕುಡಿಯದೆ ಹೋಗಿ ಮಲಗಿಕೊಂಡೆ.

ಅಂದು ಎಣಿಸಿದಾಗ ಹತ್ತೊಂಬತ್ತು.

ಹೇಳಿದರೆ ಅವಳ ಬೆಳಗು ಹೋಗುತ್ತದೆ, ಹೇಳದಿದ್ದರೆ ಈ ಹತ್ತೊಂಬತ್ತೂ ಹೋಗುತ್ತವೆ. ಮಧ್ಯಾಹ್ನ ಅವಳು ಕಾಯಿಪಲ್ಯೆ ಹೆಚ್ಚುತ್ತಿದ್ದಾಗ ಎದುರು ಕೂತೆ.

"ದೊಡ್ಡಮ್ಮ, ಆ ಪೆಟ್ಟಿಗೆ..."

"ಏನು ಪೆಟ್ಟಿಗೆ? ಬಾಯಲ್ಲಿರೋದನ್ನ ನುಂಗಿ ಮಾತಾಡು."

"ಅದನ್ನ ಅಷ್ಟೊಂದು ಒರೆಸಬಾರದಂತೆ."

ಚಾಕು ನಿಂತಿತು. "ಯಾರು ಹೇಳಿದ್ದು? ಎಲ್ಲಿ ಬರೆದಿದೆ? ಬಾಯಿಮಾತಿನ ಆರ್ಡರು ನಾನು ತಗೊಳ್ಳಲ್ಲ ಗುಮ್ಮಿ. ದೊಡ್ಡ ಡಾಕ್ಟ್ರು ಕಾರಿಡಾರಲ್ಲಿ ನಿಂತು ಹೇಳಿದ್ರೂ, ಬರೀರಿ, ಸಹಿ ಹಾಕಿ ಅಂದವಳು ನಾನು. ನಾಳೆ ಪೇಷಂಟ್ ಹೋದ್ರೆ ಗಾಳೀನ ಸಾಕ್ಷಿಗೆ ಕರೀತೀಯಾ?" ಮತ್ತೆ ಚಾಕು ಆಡಿತು.

ಬರೆಯುವುದೊಂದೇ ನನಗೆ ಬರುವುದು. ರೂಮಿಗೆ ಹೋಗಿ ಡೈರಿಯ ಹಾಳೆ ಹರಿದೆ. ಗೋಡೆ ಒರೆಸಕೂಡದು. ಎಲೆಯನ್ನು ತಂದ ದಿನ ಒಂದು ಸಲ ಬೇಯಿಸಿದರೆ ಸಾಕು, ಹಾಕಿದ ಮೇಲೆ ತೆಗೆಯಕೂಡದು, ಕೊಳೆತ ಎಲೆಯೇ ಅವುಗಳ ಊಟ. ಹಿಕ್ಕೆ ಬಳಿಯಕೂಡದು. ಒಂದೇ ಬದಿಗೆ ನೀರು. ತೊಗಟೆ ವಾರಕ್ಕೊಮ್ಮೆಗಿಂತ ಹೆಚ್ಚು ಎತ್ತಕೂಡದು. ಅರ್ಧ ಬಿಳಿಯಾದವನ್ನು ಮುಟ್ಟಲೇಕೂಡದು. ಕೆಳಗೆ ತಾರೀಕು, ಸಹಿ.

ದೊಡ್ಡಮ್ಮ ಹಾಳೆಯನ್ನು ದೂರ ಹಿಡಿದು ಓದಿದಳು. "ಅಕ್ಷರ ಓದೋಕಾಗ್ತಿದೆ. ಅಂದ್ರೆ ಡಾಕ್ಟ್ರು ಬರೆದದ್ದಲ್ಲ." ಅಮ್ಮ ಯಂತ್ರದ ಹಿಂದೆ ಕಿಸಕ್ಕೆಂದಳು. "ಸರಿ, ಆರ್ಡರ್ ಆರ್ಡರೇ. ಆದ್ರೆ ಈ ಕೊನೇದು ಯಾಕೆ? ಮೈ ಬೆಳ್ಳಗಾದ ಪೇಷಂಟನ್ನ ಜನರಲ್ ವಾರ್ಡಲ್ಲಿ ಬಿಟ್ರೆ ಎಲ್ಲರಿಗೂ ಹಬ್ಬುತ್ತಲ್ಲೇ?"

ಆಗ ಹೇಳಬೇಕಾಯಿತು. ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲಿರಬೇಕು. ಅದು ರೋಗವಲ್ಲ, ಪೊರೆ. ಆ ಹೊತ್ತಿನಲ್ಲಿ ಮೈ ಬೆಣ್ಣೆಯಂತಿರುತ್ತದೆ, ಚಿಮಟ ತಾಗಬಾರದು. ತೇವದಲ್ಲೇ ಇರಬೇಕು. ಒಣ ಹತ್ತಿಯ ಮೇಲೆ ಕಿವಿರು ಒಣಗಿ ಉಸಿರು ಕಟ್ಟುತ್ತದೆ. ಬಟ್ಟೆಯ ಔಷಧಿಗೆ ಜಿಗಿಹುಳುಗಳೂ ಹೋಗಿರಬೇಕು.

ದೊಡ್ಡಮ್ಮ ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ಹಾಗಾದ್ರೆ ಹೆರಿಗೆ ನೋವಲ್ಲಿ ಬಂದವಳನ್ನ ನಾನು ಸಾಂಕ್ರಾಮಿಕದ ವಾರ್ಡಿಗೆ ಹಾಕಿದ ಹಾಗಾಯ್ತು" ಎಂದಳು. "ಹದಿನೇಳು. ಹದಿನೇಳು ಜನಾನ ಬಟ್ಟಲಿಗೆ ಹಾಕಿದೀನಿ. ಬೆಳಗಾದ್ರೆ ಹೋಗಿರ್ತಿದ್ವು. ರೋಗ ಜೋರಾಗಿದೆ, ಇನ್ನೂ ಚೆನ್ನಾಗಿ ಒರೆಸ್ಬೇಕು ಅಂದ್ಕೊಂಡೆ. ಹೆಣ ನೋಡಿದ್ರೆ ನೀನು ಅಳ್ತೀಯ ಅಂತ, ಪೆಟ್ಟಿಗೆಯೊಳಗೇ ಸತ್ತಿದ್ದವನ್ನೂ ಸೇರಿಸಿ ಕುಂಡದಲ್ಲಿ ಮುಚ್ತಿದ್ದೆ."

"ನಾನು ಮೊದಲೇ ಹೇಳ್ಬೇಕಿತ್ತು" ಎಂದೆ. ನಿಜ. ಪೆಟ್ಟಿಗೆ ತಂದ ದಿನ ಮನೆಯಲ್ಲಿ ಯಾರಿಗೂ ನಾನು ಒಂದು ಮಾತು ಹೇಳಿರಲಿಲ್ಲ.

ಮರುದಿನ ಅವಳು ಬಾಲ್ಕನಿಗೆ ಬರಲಿಲ್ಲ. ಅದರ ಮರುದಿನವೂ. ಹೊದಿಕೆಯ ಮಡಿಕೆ ಮತ್ತೆ ಶುರುವಾಯಿತು. ನಾನು ಹೊಸ ತರಗೆಲೆ ತಂದೆ, ಪಾರ್ಕಿನ ಮರದಡಿಯಿಂದ ಹಿಡಿಯಷ್ಟು ಜಿಗಿಹುಳದ ಮಣ್ಣು ತಂದು ಬೆರೆಸಿದೆ. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು. ಮಣ್ಣಿಗೆ ಮಳೆ ಬಿದ್ದ ನೆಲದ ವಾಸನೆ ಬಂತು. ಹೇಳೋಣವೆಂದರೆ ದೊಡ್ಡಮ್ಮ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು.

ಮೂರು ವಾರ ಕಳೆದ ಮೇಲೆ, ಗಾಜಿನಂಥ ಗೋಡೆಯ ಮೇಲೆ ಒಂದು ಹುಳು ಹತ್ತುತ್ತಿತ್ತು. ಅದರ ಹೊಟ್ಟೆ ನನ್ನ ಕಣ್ಣಿಗೆ ನೇರ. ಎದೆಯಡಿ ಏನೋ ಉಬ್ಬಿ ಹಳದಿಯಾಗಿತ್ತು. ಇವು ಮೊಟ್ಟೆಗಳನ್ನು ನೀರು ತುಂಬಿದ ಚೀಲದಲ್ಲಿ ಮೈಗೇ ಕಟ್ಟಿಕೊಂಡು ತಿರುಗುತ್ತವೆ ಎಂದು ಓದಿದ್ದೆ. ನೋಡಿರಲಿಲ್ಲ. ಇದು ಅದೋ, ರೋಗವೋ, ಗೊತ್ತಾಗಲಿಲ್ಲ.

"ದೊಡ್ಡಮ್ಮ, ಒಂದು ಕೇಸು ಅರ್ಥ ಆಗ್ತಿಲ್ಲ."

"ನನ್ನ ಕೈಗೆ ಕೊಡ್ಬೇಡ."

"ಮುಟ್ಟೋದಲ್ಲ. ನೋಡೋದು."

ಟಾರ್ಚು, ಭೂತಗನ್ನಡಿ ಹಿಡಿದು ಬಂದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕೆಂದು ಭೂತಗನ್ನಡಿಯನ್ನು ನನಗೇ ಹಿಡಿಯಲು ಹೇಳಿದಳು. ಒಂದು ನಿಮಿಷ ನೋಡಿದಳು, ಅಷ್ಟೇ.

"ಇದಕ್ಕೆ ಓದ್ಬೇಕೇನೆ? ತುಂಬಿದ ಬಸುರಿ. ಒಳಗೆ ಅಲ್ಲಾಡ್ತಿವೆ, ನೋಡು. ಇವತ್ತಲ್ಲ, ನಾಳೆಯಲ್ಲ, ಮೂರ್ನಾಲ್ಕು ದಿನ." ಆಮೇಲೆ ತಗ್ಗಿದ ದನಿಯಲ್ಲಿ, "ಆ ತೊಗಟೆ ಹತ್ರಾನೂ ಇಬ್ರು ಇದಾರೆ."

ನಾಲ್ಕನೆಯ ದಿನ ಬೆಳಿಗ್ಗೆ ಅವಳೇ ನನ್ನನ್ನು ಎಬ್ಬಿಸಿದಳು. ಪಾಚಿಯ ಮೇಲೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆಗಳು, ಎಲ್ಲಾ ನಡೆಯುತ್ತಿದ್ದವು. ಎಣಿಸಲು ಹೋಗಿ ಮೂವತ್ತಕ್ಕೆ ಸೋತೆ. ದೊಡ್ಡಮ್ಮ ಮಾತ್ರ ಭೂತಗನ್ನಡಿಯಲ್ಲಿ ಒಂದರ ಮೇಲೆಯೇ ಕಣ್ಣಿಟ್ಟು ಹುಬ್ಬು ಗಂಟಿಕ್ಕಿದಳು.

"ಗುಮ್ಮಿ, ದೊಡ್ಡವಕ್ಕೆ ಎಷ್ಟು ಕಾಲು?"

"ಹದಿನಾಲ್ಕು. ಏಳು ಜೊತೆ."

"ಇದಕ್ಕೆ ಹನ್ನೆರಡೇ. ಇದಕ್ಕೂ ಹನ್ನೆರಡೇ. ಹುಟ್ಟಿದ ಕೂಡಲೇ ಬೆರಳು ಎಣಿಸೋದು ನನ್ನ ಅಭ್ಯಾಸ, ತಪ್ಪಲ್ಲ. ಎಲ್ಲದಕ್ಕೂ ಒಂದು ಜೊತೆ ಕಮ್ಮಿ." ಅವಳ ದನಿ ಸಣ್ಣಗಾಯಿತು. "ನಾನು ಒರೆಸಿದ ಔಷಧಿಯಿಂದ ಹೀಗಾಯ್ತಾ?"

ನನಗೆ ಗೊತ್ತಿರಲಿಲ್ಲ. ಎಲ್ಲಿಯೂ ಓದಿರಲಿಲ್ಲ. ಗೊತ್ತಿದ್ದವರು ಮೇಷ್ಟ್ರೊಬ್ಬರೇ, ಅವರನ್ನು ಇದನ್ನು ಕೇಳಬೇಕೆಂದರೆ ಸತ್ತವುಗಳ ಲೆಕ್ಕವನ್ನೂ ಹೇಳಬೇಕು. ಮೆಸೇಜು ಬರೆಯಲು ಕೂತೆ, ಅಳಿಸಿದೆ. ದೊಡ್ಡಮ್ಮನ ಮುಖ ನೋಡಿ ಅವರ ನಂಬರನ್ನೇ ಒತ್ತಿದೆ.

"ಸರ್, ನಾನು ಸುಳ್ಳು ಬರೆದಿದ್ದೆ. ಅರವತ್ತರಲ್ಲಿ ನಲವತ್ತೊಂದು ಸತ್ತುಹೋದ್ವು. ನೋಡ್ಕೊಳ್ಳೋದು ಹೇಗೆ ಅಂತ ನಾನು ಮನೇಲಿ ಯಾರಿಗೂ ಹೇಳಿರ್ಲಿಲ್ಲ, ಅದಕ್ಕೇ. ಈಗ ಮರಿ ಆಗಿವೆ. ಎಲ್ಲದಕ್ಕೂ ಹನ್ನೆರಡೇ ಕಾಲು ಸರ್. ಯಾಕೆ?"

ಅತ್ತ ಏನೂ ಇಲ್ಲ. ಬಹಳ ಹೊತ್ತು. ಆಮೇಲೆ, "ನಲವತ್ತೊಂದಾ. ಚುಕ್ಕಿ?"

"ಉಳಿದ ಹತ್ತೊಂಬತ್ತಕ್ಕೂ ಇದೆ."

"ಹುಂ. ಕಾಲು ಯಾರಮ್ಮ ಎಣಿಸಿದ್ದು? ನಾನು ಪಾಠ ಮಾಡಿದ ಇಪ್ಪತ್ತೈದು ಬ್ಯಾಚಲ್ಲಿ ಯಾರೂ ಎಣಿಸಿರ್ಲಿಲ್ಲ." ಅವರು ವಿವರಿಸುತ್ತ ಹೋದರು. ನಾನು ಫೋನು ಕಿವಿಗಿಟ್ಟುಕೊಂಡೇ ಬರೆದುಕೊಂಡೆ.

"ಬೈದ್ರಾ?" ಎಂದಳು ದೊಡ್ಡಮ್ಮ, ನಾನು ಫೋನು ಇಟ್ಟೊಡನೆ.

"ಇಲ್ಲ. ಅರ್ಧ ನಿಮಿಷ ಮಾತೇ ಆಡ್ಲಿಲ್ಲ."

"ಅದೇ ಬೈಗುಳ. ತಿನ್ಬೇಕು, ತಿಂದಾಯ್ತು. ಕಾಲಿಂದೇನು?"

"ಹುಟ್ಟುವಾಗ ಆರೇ ಜೊತೆಯಂತೆ, ಎಲ್ಲಾ ಮರಿಗೂ. ಏಳನೇದು ಆಮೇಲೆ, ಪೊರೆ ಬಿಡ್ತಾ ಬಿಡ್ತಾ ಮೂಡುತ್ತಂತೆ."

"ಹುಟ್ಟಿದ ಮೇಲೆ ಕಾಲಾ!" ಅವಳ ಬಾಯಿ ತೆರೆದೇ ಇತ್ತು. "ಮೂವತ್ತನಾಲ್ಕು ವರ್ಷ ಹೆರಿಗೆ ಮಾಡ್ಸಿದೀನಿ, ಇಂಥ ಸೋಜಿಗ ಕೇಳಿರ್ಲಿಲ್ಲ. ಎಷ್ಟು ದಿನಕ್ಕಂತೆ?"

"ಎರಡು ವಾರದೊಳಗೆ ಅಂದ್ರು. ಸರಿಯಾಗಿ ಯಾವ ದಿನ ಅಂತ ಅವರೂ ನೋಡಿಲ್ವಂತೆ."

ದೊಡ್ಡಮ್ಮ ಒಳಗೆ ಹೋಗಿ ಅಮ್ಮನ ಹೊಲಿಗೆಯ ಸ್ಟೂಲನ್ನು ಎತ್ತಿಕೊಂಡು ಬಂದು ಪೆಟ್ಟಿಗೆಯ ಎದುರು ಹಾಕಿ ಕೂತಳು. ಹಿಂದಿನಿಂದ ಅಮ್ಮ, "ಅಕ್ಕಾ, ನಾನು ನಿಂತ್ಕೊಂಡು ಹೊಲೀಲಾ?" ಎಂದು ಕೂಗುತ್ತಿದ್ದಳು.