ಕೆರೆದು ತೆಗೆದ ಮೆಟ್ಟಿಲು

ನಾನು ಒಂದು ಚಾಕು. ಹಣ್ಣು ಹೆಚ್ಚುವ ಚಾಕುವಲ್ಲ, ಗಡ್ಡ ಹೆರೆಯುವ ಕತ್ತಿಯೂ ಅಲ್ಲ. ಬೆರಳುದ್ದದ ಮೂಳೆಯ ಹಿಡಿ, ಅದಕ್ಕೊಂದು ಪುಟ್ಟ ಅಲಗು, ಅಷ್ಟೇ ನಾನು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನನ್ನನ್ನು ಕಾಸಿ, ಬಡಿದು, ಸಾಣೆ ಹಿಡಿದರು. ಆ ಕಾಲದಲ್ಲಿ ಮನೆಯ ನಕ್ಷೆಯನ್ನು ಗಂಜಿ ಹಾಕಿ ನಯ ಮಾಡಿದ ತೆಳು ಬಟ್ಟೆಯ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದರು. ಗೆರೆ ತಪ್ಪಿದರೆ ಅದನ್ನು ಮೆಲ್ಲಗೆ ಕೆರೆದು ತೆಗೆಯುವುದು ನನ್ನ ಕೆಲಸ. ಲೇಖನಿಗಳು ತಾವು ಬರೆದ ಮನೆಗಳ ಹೆಸರು ಹೇಳಿಕೊಂಡು ಬೀಗುತ್ತವೆ. ನಾನು ಮಾಡಿದ ಕೆಲಸ ಯಾರ ಕಣ್ಣಿಗೂ ಬೀಳಬಾರದು, ಅದೇ ನನ್ನ ಜಾಣತನ.

೧೯೦೩ರಲ್ಲಿ ಹ್ಯಾಸ್ಕೆಟ್ ಎಂಬ ವಾಸ್ತುಶಿಲ್ಪಿ ನನ್ನನ್ನು ಕೊಂಡರು. ಅವರೂ ಕೋಲ್ಬಿ ಎಂಬುವರೂ ಪಾಲುದಾರರು. ಹಳ್ಳಿಗಾಡಿನಲ್ಲಿ ಶ್ರೀಮಂತರಿಗೆ ದೊಡ್ಡ ದೊಡ್ಡ ಮನೆಗಳ ನಕ್ಷೆ ಮಾಡಿಕೊಡುತ್ತಿದ್ದರು. ಮನೆಯ ಹೊರಮುಖ, ಹೆಂಚು ಹೊದಿಸಿದ ಮಾಡು, ಚಿಮಣಿಗಳೆಲ್ಲ ಕೋಲ್ಬಿಯವರದು. ಒಳಗಿನ ಕೋಣೆ, ಅಡುಗೆಮನೆ, ಮೆಟ್ಟಿಲು ಹ್ಯಾಸ್ಕೆಟ್ ಅವರದು. ಇಬ್ಬರೂ ಒಂದೇ ಮೇಜಿನ ಎದುರುಬದುರು ಕೂರುತ್ತಿದ್ದರು. ಅವರಲ್ಲೊಂದು ಪದ್ಧತಿಯಿತ್ತು. ಪ್ರತಿ ಹಾಳೆಗೂ ಇಬ್ಬರ ಸಹಿ ಬೀಳಬೇಕು, ಆದರೆ ಒಬ್ಬ ತಂದಿಟ್ಟ ಹಾಳೆಯನ್ನು ಇನ್ನೊಬ್ಬ ಪರೀಕ್ಷಿಸಬಾರದು. ಪರೀಕ್ಷಿಸಿದರೆ ಗೆಳೆತನಕ್ಕೆ ಅವಮಾನವಂತೆ! ಈ ದೊಡ್ಡಸ್ತಿಕೆಯನ್ನು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

೧೯೦೯ರಲ್ಲಿ ಒಬ್ಬ ಸೋಪಿನ ಕಾರ್ಖಾನೆಯ ಯಜಮಾನ ಹೊಸ ಮನೆ ಬೇಕೆಂದ. ಹ್ಯಾಸ್ಕೆಟ್ ಎಂದಿನಂತೆ ಮೊದಲು ಅವನ ಹಳೆಯ ಮನೆಗೆ ಹೋಗಿ ಕೆಲಸದವರನ್ನು ಮಾತಾಡಿಸಿದರು. ನಾನು ಅವರ ಜೇಬಿನಲ್ಲಿದ್ದೆ. ನೆಲ್ ಎಂಬ ಕೆಲಸದ ಹೆಂಗಸು ಕಲ್ಲಿದ್ದಲ ಬುಟ್ಟಿ ಕೆಳಗಿಟ್ಟು ಸೊಂಟ ನೀವಿಕೊಂಡಳು.

“ನಮ್ಮನ್ನ ಯಾರು ಸಾರ್ ಕೇಳ್ತಾರೆ? ನೀವು ಕೇಳಿದ್ರಿ ಅಂತ ಹೇಳ್ತೀನಿ. ಅಟ್ಟದಿಂದ ಕೆಳಗಿಳಿಯೋಕೆ ನಮಗೇ ಅಂತ ಹಿಂದುಗಡೆ ಒಂದು ಮೆಟ್ಟಿಲು ಮಾಡಿಸಿಕೊಡಿ. ಬೇರೇನೂ ಬೇಡ.”

“ಆಯ್ತಮ್ಮ, ಮಾಡಿಸ್ತೀನಿ,” ಅಂದರು ಹ್ಯಾಸ್ಕೆಟ್. ಅಂದಂತೆಯೇ ಬರೆದರು. ಹದಿನೇಳು ಮೆಟ್ಟಿಲು, ಒಂದು ತಿರುವು, ಬೆಳಕಿಗೊಂದು ಕಿಟಕಿ.

ಆ ಮೆಟ್ಟಿಲಿಗೆ ತಲೆ ತಾಗದಿರಲು ಹಿಂಬದಿಯ ಮಾಡಿನಲ್ಲಿ ಒಂದು ಸಣ್ಣ ಗೂಡು ಏಳಬೇಕಿತ್ತು. ಅದು ಕೋಲ್ಬಿಯವರ ಕಣ್ಣು ಚುಚ್ಚಿತು. ಉದ್ದಕ್ಕೂ ಇಳಿಯುವ ಹೆಂಚಿನ ಮಾಡು, ನಡುವೆ ಈ ಗಂಟು! ಹ್ಯಾಸ್ಕೆಟ್ ಹಲ್ಲುನೋವೆಂದು ಡಾಕ್ಟರ ಬಳಿ ಹೋಗಿದ್ದ ಮಧ್ಯಾಹ್ನ ಅವರು ನನ್ನನ್ನು ಎತ್ತಿಕೊಂಡರು. ಮೊದಲು ಗೂಡು ಹೋಯಿತು, ಆಮೇಲೆ ಹದಿನೇಳು ಮೆಟ್ಟಿಲೂ ಹೋದವು. ಆ ಜಾಗಕ್ಕೆ ‘ಬಟ್ಟೆ ಬೀರು’ ಎಂದು ಬರೆದರು. ನಾನು ಎಷ್ಟು ನಾಜೂಕಾಗಿ ಕೆರೆದೆನೆಂದರೆ ಒಂದು ಎಳೆಯೂ ಏಳಲಿಲ್ಲ. ಆಗ ನನಗೆ ಹೆಮ್ಮೆಯೇ ಆಗಿತ್ತು, ಸುಳ್ಳೇಕೆ ಹೇಳಲಿ?

ಹ್ಯಾಸ್ಕೆಟ್ ಕೆನ್ನೆ ಒತ್ತಿಕೊಂಡು ಮರಳಿದರು. ಕಂಟ್ರಾಕ್ಟರನ ಆಳು ಬಾಗಿಲಲ್ಲಿ ಕಾಯುತ್ತಿದ್ದ.

“ಬೇಗ ಒಂದು ಸಹಿ ಹಾಕಯ್ಯ, ಅವನಿಗೆ ರೈಲು ತಪ್ಪುತ್ತೆ,” ಅಂದರು ಕೋಲ್ಬಿ.

ಹ್ಯಾಸ್ಕೆಟ್ ನೋಡದೆ ಹಾಕಿದರು. ಕಟ್ಟಡದ ಉಸ್ತುವಾರಿ ಕೋಲ್ಬಿಯವರದೇ ಆದ್ದರಿಂದ ಆಮೇಲೂ ನೋಡಲಿಲ್ಲ. ಮನೆ ಎದ್ದಿತು, ಪತ್ರಿಕೆಗಳಲ್ಲಿ ಅದರ ಮಾಡಿನ ಚಿತ್ರ ಬಂತು.

ಎರಡನೇ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಚರ್ಚಿಗೆ ಹೋಗಿದ್ದರು. ನೆಲ್ ಜ್ವರ ಬಂದು ಅಟ್ಟದಲ್ಲಿ ಮಲಗಿದ್ದಳು. ನಡುಮನೆಯಲ್ಲಿ ಚಳಿ ಕಾಯುವ ಒಲೆಯ ಕೆಳಗಿನ ತೊಲೆಗೆ ಕಿಡಿ ಹತ್ತಿ, ಮನೆಗಿದ್ದ ಒಂದೇ ಮೆಟ್ಟಿಲ ಸಾಲು ಉರಿಯಿತು. ತೋಟದವನು ಏಣಿ ತಂದ, ಅದು ಅಟ್ಟದವರೆಗೆ ಮುಟ್ಟಲಿಲ್ಲ. ಆಮೇಲೆ ಅವಳು ಸಿಕ್ಕಿದ್ದು ಬಟ್ಟೆ ಬೀರುವಿನ ಬಾಗಿಲ ಮುಂದೆ. ದಾರಿ ಹುಡುಕುತ್ತಿದ್ದಳೋ ಏನೋ.

ಸುದ್ದಿ ಬಂದ ದಿನ ಹ್ಯಾಸ್ಕೆಟ್, ಮನೆ ಮುಗಿದ ಮೇಲೆ ಕಚೇರಿಗೆ ಮರಳಿದ್ದ ನಕ್ಷೆಯನ್ನು ಕಿಟಕಿಗೆ ಹಿಡಿದರು. ನಾನು ಕೆರೆದ ಜಾಗದಲ್ಲಿ ಬಟ್ಟೆ ತೆಳುವಾಗಿ ಬೆಳಕು ತೂರಿ ಬಂತು.

“ಇಲ್ಲೊಂದು ಮೆಟ್ಟಿಲಿತ್ತಲ್ಲೋ?”

ಕೋಲ್ಬಿ ಲೇಖನಿಯನ್ನು ಮೇಜಿನ ಮೇಲಿಟ್ಟರು. “ಹೇಳಬೇಕು ಅಂತಲೇ ಇದ್ದೆ. ಮರೆತೆ,” ಅಂದರು. ಮತ್ತೆ ಮೆಲ್ಲಗೆ ಸೇರಿಸಿದರು: “ಮೂಲೆಯಲ್ಲಿ ನಿನ್ನ ಸಹಿಯೂ ಇದೆ, ಹ್ಯಾಸ್ಕೆಟ್.”

ಸಾವಿನ ವಿಚಾರಣೆಯಲ್ಲಿ ಹ್ಯಾಸ್ಕೆಟ್ ಎದ್ದು ನಿಂತು, “ಒಳಗಿನ ನಕ್ಷೆ ನನ್ನ ಹೊಣೆ. ನೋಡದೆ ಸಹಿ ಹಾಕಿದೆ,” ಎಂದುಬಿಟ್ಟರು. ಪಕ್ಕದಲ್ಲಿದ್ದ ಕೋಲ್ಬಿ ತಲೆ ತಗ್ಗಿಸಿ ಕೂತಿದ್ದರು. ಆಕಸ್ಮಿಕ ಎಂದು ತೀರ್ಪಾಯಿತು, ಹೆಸರು ಮಾತ್ರ ಹ್ಯಾಸ್ಕೆಟ್ ಅವರದು ಕೆಟ್ಟಿತು. ಅವರು ಪಾಲುದಾರಿಕೆ ಬಿಟ್ಟರು. ಹೊರಡುವ ಮುನ್ನ ಆ ನಕ್ಷೆಯ ಬಟ್ಟೆಯ ಮೇಲೆ ಹದಿನೇಳು ಮೆಟ್ಟಿಲನ್ನೂ ಮತ್ತೆ ಬರೆದು, ಪಕ್ಕದಲ್ಲಿ ಹೊಸದಾಗಿ ಸಹಿ ಹಾಕಿ, ನನ್ನನ್ನು ಅಲ್ಲೇ ಬಿಟ್ಟು ಹೋದರು. ನನ್ನ ಮುಖ ನೋಡಲು ಅವರಿಗೆ ಮನಸ್ಸಾಗಲಿಲ್ಲವೆಂದು ನನ್ನ ಊಹೆ.

ಸೋಪಿನ ಯಜಮಾನ ಮನೆಯನ್ನು ಮತ್ತೆ ಕಟ್ಟಿಸಲು ಬಂದ. “ಮಾಡು ಮಾತ್ರ ಪತ್ರಿಕೆಯಲ್ಲಿ ಬಂದಿತ್ತಲ್ಲ, ಹಾಗೇ ಇರಬೇಕು ನೋಡಿ,” ಅಂದ. ಅವನು ಹೋದಮೇಲೆ ಕೋಲ್ಬಿ ಮೇಜಿನ ಮುಂದೆ ಕೂತರು. ಎದುರಿನ ಕುರ್ಚಿ ಖಾಲಿಯಿತ್ತು. ಒಮ್ಮೆ ನನ್ನನ್ನು ಎತ್ತಿದರು, ಇಟ್ಟರು. ಮತ್ತೆ ಎತ್ತಿದರು. ಮೆಟ್ಟಿಲೂ ಹೋಯಿತು, ಪಕ್ಕದಲ್ಲಿದ್ದ ಗೆಳೆಯನ ಹೊಸ ಸಹಿಯೂ ಹೋಯಿತು.

ಕೋಲ್ಬಿ ಮುದುಕರಾಗಿ, ದೊಡ್ಡವರೆನಿಸಿಕೊಂಡು ತೀರಿಹೋದರು. ಈಗ ಆ ಮನೆಯೇ ಒಂದು ಮ್ಯೂಸಿಯಂ. ಗೋಡೆಯ ಮೇಲೆ ಆ ನಕ್ಷೆ, ಅದರ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ನಾನು. ‘ಕೋಲ್ಬಿಯವರ ಚಾಕು’ ಎಂದು ಚೀಟಿ ಅಂಟಿಸಿದ್ದಾರೆ. ಮೊನ್ನೆ ಒಬ್ಬ ಅಜ್ಜಿ ನಕ್ಷೆಯ ಮೇಲಿನ ಅಟ್ಟಕ್ಕೆ ಬೆರಳು ತೋರಿಸಿದರು.

“ಇಲ್ಲಿರೋ ಒಂದು ಮೆಟ್ಟಿಲ ಸಾಲು ಬಿಟ್ರೆ ಈ ಕೋಣೆಯಲ್ಲಿದ್ದವರು ಕೆಳಗೆ ಹೇಗಪ್ಪ ಇಳೀತಿದ್ರು?”

ಬಂದವರಿಗೆ ಮನೆ ತೋರಿಸುವವನು ಬಾಗಿಲ ಕಡೆ ತಿರುಗಿದ. “ಅದು ಕೆಲಸದವರ ಕೋಣೆ ಅಮ್ಮ. ಬನ್ನಿ, ಹೊರಗಿನಿಂದ ಮಾಡು ತೋರಿಸ್ತೀನಿ. ಎಲ್ಲೂ ಒಂದು ಗಂಟಿಲ್ಲ, ಅಷ್ಟು ಚಂದ ಇದೆ.”

ಎಲ್ಲರೂ ನೋಡಲು ಹೋದರು. ಎರಡನೇ ಸಲ ಕೆರೆಯುವಾಗ ನಾನು ಮೊಂಡಾಗಿದ್ದೆ, ಹಟ ಹಿಡಿದಿದ್ದೆ ಎಂದು ಹೇಳಿಕೊಳ್ಳುವ ಆಸೆ ನನಗಿದೆ. ಆದರೆ ಆ ದಿನವೂ ನಾನು ಚೆನ್ನಾಗಿಯೇ ಕೆಲಸ ಮಾಡಿದೆ.